ಚಿಮಣಿಯ ನೆರಳಿನಲ್ಲೊಂದು ಬಾಡಿಗೆಯ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ತಾವು ಬಾಳುವ ಮನೆಯ ವಿಚಾರವಾಗಿ ಆ ಮಾತನ್ನು ಹೇಳಿದರು. ಮತ್ತೊಬ್ಬರು ಬಂದು ಇರಲಿ, ಅವರಿಂದ ತಿಂಗಳು ತಿಂಗಳಿಗೆ ನಾಲ್ಕು ಕಾಸು ಬರಲಿ ಎಂದು ಎರಡನೆಯ ಮನೆಯನ್ನು ಕೊಳ್ಳುವವನಿಗೆ ಅವರು ಯಾವ ಗಾದೆಯನ್ನೂ ಬಿಟ್ಟುಹೋದಂತೆ ಕಾಣೆ. ಅಂಥ ಗೃಹಸ್ಥರು ಆ ಕಾಲದಲ್ಲಿ ವಿರಳವಾಗಿದ್ದಿರಬೇಕು. ಈಗ ಹಾಗಲ್ಲ. ಐದಂಕಿಯ ಸಂಬಳ ಬರುವ ಮನೆಯಲ್ಲೆಲ್ಲ ರಾತ್ರಿ ಊಟವಾದ ಮೇಲೆ ಈ ವಿಚಾರ ಒಮ್ಮೆಯಾದರೂ ಹಣಕಿ ಹೋಗುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುವುದು ಕಣ್ಣಿಗೆ ಕಾಣುವುದಿಲ್ಲ. ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಮನೆಯಾದರೋ ನಾಲ್ಕು ಮಂದಿಗೆ ಕಾಣುವಂತೆ ನಿಂತಿರುತ್ತದೆ. 'ಜಾಗಾ ಮತ್ತ ಹುಟ್ಟಂಗಿಲ್ರಿ ಸರ್, ತಗೊಂಡ್ ಬಿಡ್ರಿ' ಎಂದು ನಮ್ಮ ಕಡೆಯ ದಲ್ಲಾಳಿ ಹೇಳುವ ಮಾತಿಗೆ ಸಂಬಳದಾರನ ಬಳಿ ತಟ್ಟನೆ ಉತ್ತರವಿರುವುದಿಲ್ಲ.

ಆ ಮಾತಿಗೆ ಉತ್ತರವೊಂದು ಉಂಟು. ಅದನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಐದು ಊರುಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಾಣದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ: ಇವೆಲ್ಲ ಸುಣ್ಣದ ಕಲ್ಲಿನ ಮೇಲೆ ಕುಳಿತ ಊರುಗಳು. ನೆಲದ ಮೇಲೆ ತೊಗರಿ, ನೆಲದ ಕೆಳಗೆ ಸಿಮೆಂಟು. ಇಲ್ಲಿ ನಿವೇಶನಕ್ಕೆ ಬೆಲೆ ಬಂದದ್ದು ಬಹುಮಟ್ಟಿಗೆ ಈ ಕಲ್ಲಿನಿಂದ. ಬಂದ ಬೆಲೆ ಒಮ್ಮೊಮ್ಮೆ ಇಳಿದುಹೋದದ್ದೂ ಈ ಕಲ್ಲಿನ ಕಾರಣದಿಂದಲೇ.

ಶಹಾಬಾದದಿಂದ ಮೊದಲು ಮಾಡೋಣ. ಈ ಊರಿನ ಹೆಸರು ಇಲ್ಲಿಗೆ ಎಂದೂ ಬಾರದವರ ಮನೆಯ ನೆಲದಲ್ಲಿಯೂ ಉಂಟು. ನಾವು ಫರಸಿ ಎಂದು ಕರೆಯುವ ಹಾಸುಗಲ್ಲನ್ನು ದೇಶವೆಲ್ಲ ಶಹಾಬಾದ್ ಕಲ್ಲು ಎಂದು ಕರೆಯುತ್ತದೆ. 1936ರಲ್ಲಿ ಹತ್ತು ಸಿಮೆಂಟು ಕಂಪನಿಗಳು ಕೂಡಿ ಎ.ಸಿ.ಸಿ. ಎಂಬ ಒಂದೇ ಸಂಸ್ಥೆಯಾದಾಗ ಶಹಾಬಾದಿನ ಕಾರ್ಖಾನೆಯೂ ಅದರೊಳಗೆ ಸೇರಿತು. ಆ ಚಿಮಣಿಯ ಸುತ್ತ ಕಾಲೊನಿಗಳು ಎದ್ದವು, ಅಂಗಡಿಗಳು ಬಂದವು, ಕಾಲೊನಿಯಲ್ಲಿ ಜಾಗ ಸಿಗದವರಿಗಾಗಿ ಊರಿನವರು ಸಾಲು ಕೋಣೆಗಳನ್ನು ಕಟ್ಟಿಸಿದರು. ಮುಂದೆ ಕಾರ್ಖಾನೆ ಕೈಬದಲಾಯಿತು; ಕೊನೆಗೆ ಗೂಡು ಆರಿತು. ಗೋಡೆಗಳು ಇದ್ದಲ್ಲಿಯೇ ಇದ್ದವು, ಇರುವವರು ಹೊರಟುಹೋದರು.

ಅಲ್ಲಿ ನಾನು ಬಲ್ಲ ಹಿರಿಯರೊಬ್ಬರು ನಾಲ್ಕು ಕೋಣೆಗಳ ಒಂದು ಸಾಲನ್ನು ಇಂದಿಗೂ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಬಳಿ ಹಳೆಯ ಲೆಕ್ಕದ ಪುಸ್ತಕ ಒಂದುಂಟು. ಯಾವ ಕೋಣೆ ಯಾವ ತಿಂಗಳು ಖಾಲಿ ಇತ್ತು ಎಂಬುದನ್ನು ಅವರು ಕೆಂಪು ಶಾಯಿಯಲ್ಲಿ ಬರೆದಿಡುತ್ತಾರೆ. ಒಂದು ಕಾಲದ ಪುಟಗಳು ಕೆಂಪಾಗಿಯೇ ಇವೆ. ಆ ದಿನಗಳನ್ನು ದಾಟಿದ್ದು ಹೇಗೆ ಎಂದು ಕೇಳಿದೆ. 'ಸಾಲ ಇರಲಿಲ್ರಿ, ಅದಕ್ಕ ಉಳಿದೆ' ಎಂದರು. ಆ ಮೇಲೆ ಪುಸ್ತಕವನ್ನು ಮುಚ್ಚುತ್ತ, 'ಕಿರಾಯಿ ಗೋಡಿ ಕೊಡಂಗಿಲ್ರಿ ಸರ್, ಮನಷಾ ಕೊಡ್ತಾನ' ಎಂದು ಸೇರಿಸಿದರು. ಬಾಡಿಗೆಯ ಅರ್ಥಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಜಾಗ ಮತ್ತೆ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಆ ಜಾಗಕ್ಕೆ ಬಾಡಿಗೆ ಕೊಡುವವನ ಅನ್ನ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ಕೇಳಬೇಕು. ಒಂದೇ ಗೂಡಿನಿಂದ ಹುಟ್ಟುವುದಾದರೆ, ನಿಮ್ಮ ಮನೆಯೂ ಆ ಗೂಡಿನ ಒಂದು ಇಟ್ಟಿಗೆ.

ಇನ್ನು ಲೆಕ್ಕಕ್ಕೆ ಬರೋಣ. ಸಾಹಿತ್ಯದ ಅಧ್ಯಾಪಕನು ಲೆಕ್ಕ ಹೇಳುವುದನ್ನು ಕಂಡು ಓದುಗರು ನಗಬಾರದು. ಛಂದಸ್ಸಿನಲ್ಲಿ ಮಾತ್ರೆಗಳನ್ನು ಎಣಿಸಿ ಅಭ್ಯಾಸವಾದವನಿಗೆ ಕಂತುಗಳನ್ನು ಎಣಿಸುವುದು ಹೊಸದಲ್ಲ. ಉದಾಹರಣೆಗೆ 25 ಲಕ್ಷ ರೂಪಾಯಿಯ ಒಂದು ಮನೆ ಎಂದಿಟ್ಟುಕೊಳ್ಳಿ. ತಿಂಗಳ ಬಾಡಿಗೆ 8,000 ರೂಪಾಯಿ. ಹೊಸಬರು ಇದನ್ನು ಹನ್ನೆರಡರಿಂದ ಗುಣಿಸಿ 96,000 ಎಂದು ಹಿಗ್ಗುತ್ತಾರೆ. ಹತ್ತರಿಂದ ಗುಣಿಸುವುದು ಲೇಸು. ಒಬ್ಬ ಬಾಡಿಗೆದಾರ ಹೋಗಿ ಮತ್ತೊಬ್ಬ ಬರುವುದರೊಳಗೆ ತಿಂಗಳುಗಳು ಕಳೆಯುವುದುಂಟು. ಆಗ 80,000 ಆಯಿತು. ಇದರಲ್ಲಿ ಆಸ್ತಿ ತೆರಿಗೆ, ಸುಣ್ಣಬಣ್ಣ, ನೀರಿನ ಪಂಪು, ಸೋರುವ ಮಾಳಿಗೆ, ಇವಕ್ಕೆಂದು 15,000 ತೆಗೆದಿಡಿ. ಉಳಿದದ್ದು 65,000. ಹಾಕಿದ ಬಂಡವಾಳಕ್ಕೆ ಇದು ನೂರಕ್ಕೆ 2.6 ಆಯಿತು.

ಈಗ ಸಾಲದ ಕಡೆ ನೋಡಿ. 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ ಶೇಕಡ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಮಾಡಿದೆ. ಕೊಡಬಹುದು ಎಂದ ಮಾತ್ರಕ್ಕೆ ತೆಗೆದುಕೊಳ್ಳಬೇಕೆಂದಿಲ್ಲ. 20 ಲಕ್ಷ ತೆಗೆದಿರೆನ್ನೋಣ; ಬಡ್ಡಿ ಶೇಕಡ 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 17,356 ರೂಪಾಯಿ ಬರುತ್ತದೆ. ಮೊದಲ ಕಂತಿನಲ್ಲಿ 14,167 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ಮೂರು ಸಾವಿರದ ಚಿಲ್ಲರೆ. ಇಪ್ಪತ್ತು ವರ್ಷ ಮುಗಿಯುವಾಗ ನೀವು ಕೊಟ್ಟ ಮೊತ್ತ 41 ಲಕ್ಷ ದಾಟಿರುತ್ತದೆ. ಅದೇ ಸಾಲವನ್ನು 10 ವರ್ಷಕ್ಕೆ ತೀರಿಸುವುದಾದರೆ ಕಂತು ಸುಮಾರು 24,800 ಆಗುತ್ತದೆ, ಒಟ್ಟು ಕೊಡುವುದು 30 ಲಕ್ಷದೊಳಗೆ ನಿಲ್ಲುತ್ತದೆ. ಉದ್ದ ಅವಧಿ ತಿಂಗಳಿಗೆ ಹಗುರ, ಆಯುಷ್ಯಕ್ಕೆ ಭಾರ.

ಬಾಡಿಗೆ 2.6, ಬಡ್ಡಿ 8.5. ನಡುವಣ ಈ ಕಂದಕವನ್ನು ಯಾರು ತುಂಬಬೇಕು? ಒಂದು ಭಾಗವನ್ನು ನಿಮ್ಮ ಸಂಬಳ ತುಂಬುತ್ತದೆ. ಮಿಕ್ಕದ್ದನ್ನು ಮುಂದೆ ಏರಬಹುದಾದ ಬೆಲೆ ತುಂಬಲಿ ಎಂದು ನಾವು ಬಯಸುತ್ತೇವೆ. ಆ ಬೆಲೆ ಏರುವುದೂ ಚಿಮಣಿಯ ಮೇಲೆಯೇ ನಿಂತಿದೆ. ಆದಕಾರಣ ಹೊಸಬರು ಮೂರು ಕಟ್ಟಳೆಗಳನ್ನು ಹಾಕಿಕೊಳ್ಳುವುದು ಒಳಿತು. ಬಾಡಿಗೆ ಒಂದು ಪೈಸೆಯೂ ಬಾರದಿದ್ದರೂ ಸಂಬಳದಿಂದ ಕಟ್ಟಬಲ್ಲಷ್ಟೇ ಕಂತು ಇರಲಿ. ಆರು ಕಂತುಗಳಷ್ಟು ಹಣ, ಅಂದರೆ ಮೇಲಿನ ಲೆಕ್ಕದಲ್ಲಿ ಸುಮಾರು 1,04,000 ರೂಪಾಯಿ, ಬೇರೆಯೇ ಖಾತೆಯಲ್ಲಿ ಇರಲಿ. ಬೋನಸ್ಸೋ ಬಾಕಿ ಸಂಬಳವೋ ಬಂದಾಗ ವರ್ಷಕ್ಕೊಂದು ಹೆಚ್ಚಿನ ಕಂತು ಕಟ್ಟಿರಿ. ಇಪ್ಪತ್ತು ವರ್ಷದ ಸಾಲ ಇಷ್ಟರಿಂದಲೇ ಮೂರು ವರ್ಷಕ್ಕೂ ಮಿಕ್ಕಿ ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಮುಂಗಡ ಹಣದ ಜೊತೆಗೆ ಅನೇಕರು ಮರೆಯುವ ಖರ್ಚೊಂದುಂಟು. ಕರ್ನಾಟಕದಲ್ಲಿ 45 ಲಕ್ಷದೊಳಗಿನ ಹೊಸ ಫ್ಲಾಟುಗಳಿಗೆ ಮೊದಲ ಮಾರಾಟದಲ್ಲಿ ದೊರೆಯುವ ರಿಯಾಯಿತಿಯನ್ನು ಬಿಟ್ಟರೆ, ಕ್ರಯಪತ್ರದ ಮುದ್ರಾಂಕ ಶುಲ್ಕ ಶೇಕಡ 5. ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಿಂದ ಶೇಕಡ 1ರಿಂದ 2ಕ್ಕೆ ಏರಿಸಲಾಯಿತು. ಎಲ್ಲ ಕೂಡಿ ಪಟ್ಟಣದಲ್ಲಿ ಸುಮಾರು 7.6. ನಮ್ಮ 25 ಲಕ್ಷದ ಮನೆಗೆ ಇದೇ 1,90,000 ರೂಪಾಯಿ. ಇದನ್ನು ಸಾಮಾನ್ಯವಾಗಿ ಕೈಯಿಂದಲೇ ಕೊಡಬೇಕು.

ಶಹಾಬಾದದಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿ ವಾಡಿ ಬರುತ್ತದೆ. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಓಡಿದಾಗ ಇದು ಜಂಕ್ಷನ್ ಆಯಿತು, 1968ರಲ್ಲಿ ಎ.ಸಿ.ಸಿ. ಕಾರ್ಖಾನೆ ಆರಂಭವಾಯಿತು. ಕಾರ್ಖಾನೆ ದೊಡ್ಡದು, ರೈಲಿನ ನೌಕರರು ಬಹಳ, ಆದ್ದರಿಂದ ಬಾಡಿಗೆದಾರರಿಗೇನು ಕೊರತೆ ಎಂದು ಹೊಸಬನಿಗೆ ತೋರುತ್ತದೆ. ಆದರೆ ಕಾಯಂ ನೌಕರರಿಗೆ ಕಂಪನಿಯ ಕ್ವಾರ್ಟರ್ಸ್ ಉಂಟು, ರೈಲಿನವರಿಗೆ ರೈಲಿನ ಕ್ವಾರ್ಟರ್ಸ್ ಉಂಟು. ಊರಿನಲ್ಲಿ ಕೋಣೆ ಹುಡುಕುವವರು ಬಹುಮಟ್ಟಿಗೆ ಗುತ್ತಿಗೆಯ ಕೆಲಸಗಾರರು, ಲಾರಿಯವರು, ಶಿಕ್ಷಕರು, ಬ್ಯಾಂಕಿನ ಹುಡುಗರು. ಇವರಿಗೆ ಮೂರು ಬೆಡ್‌ರೂಮಿನ ಬಂಗಲೆ ಬೇಡ. ನೀರು ಬರುವ, ಗಾಳಿಯಾಡುವ ಎರಡು ಕೋಣೆ ಸಾಕು. ಕೊಳ್ಳುವವನು ತನ್ನ ಅಭಿರುಚಿಗೆ ತಕ್ಕ ಮನೆಯನ್ನು ಆರಿಸಿಕೊಂಡು ಬಾಡಿಗೆದಾರನ ಅಭಿರುಚಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದೇ ದೊಡ್ಡ ಮನೆಗಿಂತ ಎರಡು ಚಿಕ್ಕ ಭಾಗಗಳು ಇಲ್ಲಿ ಮೇಲು. ಒಂದು ಖಾಲಿಯಾದಾಗ ಮತ್ತೊಂದು ಅರ್ಧ ಕಂತನ್ನಾದರೂ ಹೊರುತ್ತದೆ.

ಬಾಡಿಗೆಯ ವ್ಯವಹಾರದಲ್ಲಿ ಸ್ನೇಹ ಬೇಕು, ಆದರೆ ಕಾಗದವೂ ಬೇಕು. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು; ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ. ಬಾಡಿಗೆ, ಠೇವಣಿ, ನೀರು ಕರೆಂಟಿನ ಬಿಲ್ಲು, ಬಿಡುವ ಮುನ್ನ ಕೊಡಬೇಕಾದ ನೋಟೀಸು, ಮನೆಯಲ್ಲಿ ಬಿಟ್ಟ ಫ್ಯಾನು ಬಲ್ಬುಗಳ ಲೆಕ್ಕ ಎಲ್ಲವೂ ಅದರಲ್ಲಿರಲಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಆದಾಯ ತೆರಿಗೆಯಲ್ಲಿ, ಬಂದ ಬಾಡಿಗೆಯಿಂದ ಆಸ್ತಿ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇಕಡ 30ನ್ನು ರಿಪೇರಿ ಮುಂತಾದವುಗಳ ಬಾಬ್ತು ಬಿಡುತ್ತಾರೆ. ಅದಕ್ಕೆ ರಸೀತಿ ಕೇಳುವುದಿಲ್ಲ. ಒಳ್ಳೆಯ ಬಾಡಿಗೆದಾರ ಸಿಕ್ಕರೆ ಐನೂರು ರೂಪಾಯಿ ಹೆಚ್ಚಿಗಾಗಿ ಅವನನ್ನು ಕಳೆದುಕೊಳ್ಳಬೇಡಿ. ಒಂದು ತಿಂಗಳು ಖಾಲಿ ಬಿದ್ದ ಮನೆ ಹದಿನಾರು ತಿಂಗಳ ಆ ಐನೂರನ್ನು ನುಂಗುತ್ತದೆ.

ವಾಡಿಯಿಂದ ಸಿಕಂದರಾಬಾದಿನ ಹಾದಿ ಹಿಡಿದರೆ ಮೊದಲು ಚಿತ್ತಾಪುರ. ಇದು ಕಾಗದಪತ್ರದ ಪಾಠಕ್ಕೆ ತಕ್ಕ ಊರು. ತಾಲ್ಲೂಕು ಕಚೇರಿಯ ಮುಂದೆ ಒಂದು ಗಳಿಗೆ ನಿಂತರೆ ಸಾಕು, ಈ ಸೀಮೆಯ ಜಮೀನಿನ ಚರಿತ್ರೆ ಅರ್ಧ ತಿಳಿದೀತು. 1948ರವರೆಗೆ ಇದು ನಿಜಾಮರ ಆಳ್ವಿಕೆಯ ಪ್ರದೇಶ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. 1949ರಲ್ಲಿ ಜಾಗೀರುಗಳು ಹೋದವು. 1955ರ ಕಾಯಿದೆ ಇನಾಮುಗಳನ್ನು ರದ್ದುಮಾಡಿತು. ಒಂದು ಸರ್ವೆ ನಂಬರಿನ ಹಿಂದೆ ಇನಾಮುದಾರ, ಕೌಲುದಾರ, ಅಣ್ಣತಮ್ಮಂದಿರು ಸಾಲಾಗಿ ನಿಂತಿರಬಹುದು. 1954-55ರ ಖಾಸ್ರಾ ಪಹಣಿಯಿಂದ ಈಚಿನ ಪಹಣಿಯವರೆಗೆ ಹೆಸರು ಹೇಗೆ ಕೈಯಿಂದ ಕೈಗೆ ಬಂತೆಂಬುದನ್ನು ಒಬ್ಬ ಒಳ್ಳೆಯ ವಕೀಲರಿಂದ ಓದಿಸಿಕೊಳ್ಳಿ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ತಂಗಿಯ ಸಹಿಯಿಲ್ಲದ ಕ್ರಯಪತ್ರ ಅಣ್ಣಂದಿರ ನಗುಮುಖದಿಂದ ಗಟ್ಟಿಯಾಗದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ನಿಲ್ಲದು. ಬಡವನಿಗೆ ಕೊಟ್ಟ ನೆಲ ಬಡವನಲ್ಲಿಯೇ ಉಳಿಯಲಿ ಎಂಬುದು ಆ ಕಾಯಿದೆಯ ಹೃದಯ. ಅಗ್ಗವಾಗಿ ಸಿಕ್ಕಿತೆಂದು ಅತ್ತ ಕೈಚಾಚುವುದು ನ್ಯಾಯಕ್ಕೂ ದೂರ, ಜಾಣತನಕ್ಕೂ ದೂರ.

ಋಣಭಾರ ಪತ್ರವನ್ನು, ಜನರು ಇ.ಸಿ. ಎನ್ನುವುದನ್ನು, ಮೂವತ್ತು ವರ್ಷಕ್ಕೆ ತೆಗೆಸಿರಿ. ಪಟ್ಟಣದ ಆಸ್ತಿಗೆ ಇ-ಖಾತೆ, ಹಳ್ಳಿಯ ಆಸ್ತಿಗೆ ಇ-ಸ್ವತ್ತಿನ ನಮೂನೆಗಳು ಇವೆಯೇ ನೋಡಿರಿ. ಮುಖ್ತಿಯಾರ್‌ನಾಮೆಯ ಮೇಲೆ, ನೋಟರಿಯ ಮುದ್ರೆಯ ಮೇಲೆ ಮನೆ ಕೊಳ್ಳಬೇಡಿ. ಅಂಥ ಕಾಗದದಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ಚಿತ್ತಾಪುರದಿಂದ ಮುಂದೆ ಮಳಖೇಡ, ಅಲ್ಲಿಂದ ಸೇಡಂ. ಮಳಖೇಡವನ್ನು ದಾಟುವಾಗ ಕನ್ನಡದ ಮೇಷ್ಟರು ಸುಮ್ಮನಿರುವುದು ಸಾಧ್ಯವೆ? ಇದೇ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಕ್ರಿ.ಶ. 971ರಲ್ಲಿ ಈ ಊರಿನ ರಾಜಬೀದಿಯಲ್ಲಿ ಒಂದು ಮನೆಗೆ ಏನು ಬೆಲೆಯಿದ್ದಿರಬಹುದು! ಮರುವರ್ಷ, 972ರಲ್ಲಿ, ಮಾಳವದ ಪರಮಾರ ಸೀಯಕ ಬಂದು ಊರನ್ನು ಸೂರೆಮಾಡಿದ. ಅಲ್ಲಿ ಬಾಳಿದ್ದ ಕವಿ ಪುಷ್ಪದಂತ ಆ ಹಾಳಿಗೆ ಮರುಗಿದ್ದಾನೆ. ರಾಜ್ಯ ಕಲ್ಯಾಣದ ಚಾಲುಕ್ಯರ ಕೈಗೆ ಹೋಯಿತು, ಕೆಲಕಾಲಾನಂತರ ರಾಜಧಾನಿಯೂ ಹೋಯಿತು. ಅರಸನನ್ನು ನಂಬಿದ ಊರಿಗೂ ಕಾರ್ಖಾನೆಯನ್ನು ನಂಬಿದ ಊರಿಗೂ ಈ ವಿಷಯದಲ್ಲಿ ಭೇದವಿಲ್ಲ.

ಇಂದು ಮಳಖೇಡ, ಸೇಡಂ, ಕೊಡ್ಲಾಗಳಲ್ಲಿ ಬೇರೆ ಬೇರೆ ಸಿಮೆಂಟು ಕಾರ್ಖಾನೆಗಳಿವೆ. ಒಂದು ನಿಂತರೆ ಮತ್ತೊಂದುಂಟು ಎಂಬ ಧೈರ್ಯ ಸೇಡಂ ಕಡೆ ಹೆಚ್ಚು. ಆದರೂ ಎಲ್ಲವೂ ಸಿಮೆಂಟೇ ಎಂಬುದನ್ನು ಮರೆಯುವಂತಿಲ್ಲ. ಒಡೆತನ ಬದಲಾಗುವ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲು. 2022ರಲ್ಲಿ ಎ.ಸಿ.ಸಿ. ಅದಾನಿ ಸಮೂಹಕ್ಕೆ ಸೇರಿತು; 2025ರಲ್ಲಿ ಸೇಡಮಿನ ವಾಸವದತ್ತಾ ಕಾರ್ಖಾನೆ ಅಲ್ಟ್ರಾಟೆಕ್‌ಗೆ ಸೇರಿತು. ಇಂಥ ಸುದ್ದಿ ಬಂದಾಗ ಷೇರು ಕೊಳ್ಳುವವನು ಲಾಭ ಎಣಿಸುತ್ತಾನೆ. ಬಾಡಿಗೆಯ ಮನೆಯುಳ್ಳವನು ಆಳುಗಳ ಸಂಖ್ಯೆ ಎಣಿಸಬೇಕು. ಯಂತ್ರ ಹೆಚ್ಚಿ ಸಿಮೆಂಟು ಇಮ್ಮಡಿಯಾದರೂ ಕೋಣೆ ಕೇಳುವವರು ಇಮ್ಮಡಿಯಾಗುವುದಿಲ್ಲ.

ನೆಲವನ್ನೂ ನೋಡಬೇಕು. ಇಲ್ಲಿಯದು ಎರೆಮಣ್ಣು, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಪಾಯ ಗಟ್ಟಿ ನೆಲವನ್ನು ಮುಟ್ಟದಿದ್ದರೆ ಗೋಡೆಯೂ ಅದರೊಡನೆ ಬಿರಿಯುತ್ತದೆ. ಕೊಳ್ಳುವ ಮನೆಯನ್ನು ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ನೋಡುವುದು ಉತ್ತಮ. ಕಾಗಿಣಾ ನದಿ ತುಂಬಿದಾಗ ಮಳಖೇಡದ ಸೇತುವೆ ಮುಳುಗುವುದನ್ನು ಆ ಕಡೆಯವರೆಲ್ಲ ಬಲ್ಲರು. ತಗ್ಗಿನ ನಿವೇಶನ ಅಗ್ಗವಾಗಿರುವುದಕ್ಕೆ ಕಾರಣವಿರುತ್ತದೆ. ಹತ್ತಿರದಲ್ಲಿ ಗಣಿಯಿದ್ದರೆ ಸಿಡಿಮದ್ದಿನ ಸದ್ದು ಎಷ್ಟು ದೂರಕ್ಕೆ ಕಿಟಕಿಯನ್ನು ನಡುಗಿಸುತ್ತದೆ ಎಂದು ನೆರೆಯವರನ್ನು ಕೇಳಿರಿ.

ಕಡೆಯ ಊರು ಚಿಂಚೋಳಿ. ಇಲ್ಲಿಗೆ ರೈಲಿಲ್ಲ, ಸೇಡಮಿನಿಂದ ಬಸ್ಸು ಹತ್ತಬೇಕು. ಕಾಡುಂಟು, 2011ರಲ್ಲಿ ಘೋಷಿತವಾದ ವನ್ಯಜೀವಿಧಾಮವುಂಟು, ಚಂದ್ರಂಪಳ್ಳಿಯ ಜಲಾಶಯವುಂಟು. ತಾಲ್ಲೂಕಿನಲ್ಲಿ ಸಿಮೆಂಟು ಕಾರ್ಖಾನೆಯೂ ಉಂಟು. ಇಂಥ ಕಡೆ ಮಾರಾಟಕ್ಕೆ ಬರುವುದು ಮನೆಗಿಂತ ಹೆಚ್ಚಾಗಿ ಭವಿಷ್ಯ. ತೊಗರಿ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು, ಬಣ್ಣದ ನಕ್ಷೆಯಲ್ಲಿ ಉದ್ಯಾನವನ ಬರೆದು, 'ಇನ್ನೆರಡು ವರ್ಷದಾಗ ಇಲ್ಲಿ ರೋಡ್ ಬರ್ತದರಿ' ಎನ್ನುವವರು ಎಲ್ಲ ತಾಲ್ಲೂಕುಗಳಲ್ಲಿಯೂ ಇದ್ದಾರೆ. ಬೇಸಾಯಗಾರರಲ್ಲದವರೂ ಹೊಲ ಕೊಳ್ಳಲು 2020ರಿಂದ ಕರ್ನಾಟಕದಲ್ಲಿ ಅಡ್ಡಿಯಿಲ್ಲವಾದರೂ, ಹೊಲ ನಿವೇಶನವಾಗಬೇಕಾದರೆ ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ ಎರಡೂ ಬೇಕು. 500 ಚದರ ಮೀಟರಿಗೆ ಮೀರಿದ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು. ಇವಿಲ್ಲದ ನಿವೇಶನಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಬ್ಯಾಂಕು ಹಿಂಜರಿದ ಕಡೆ ನಾವು ಮಗಳ ಮದುವೆಯ ಹಣವನ್ನು ಹಾಕುವುದು ಯಾವ ಧೈರ್ಯದಿಂದ? ಬಾಡಿಗೆ ಬಾರದ, ನೆರಳೂ ಕೊಡದ ನಿವೇಶನಕ್ಕೆ ಸಾಲ ಮಾಡಿದರೆ ಕಂತು ಪೂರ್ತಿಯಾಗಿ ಅನ್ನದ ತಟ್ಟೆಯಿಂದಲೇ ಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕೊಳ್ಳಬೇಡಿ ಎಂಬುದಕ್ಕಲ್ಲ. ನಿವೃತ್ತಿಯಾದ ಮೇಲೆ ಎರಡು ಕೋಣೆಗಳ ಬಾಡಿಗೆಯಿಂದ ಮಕ್ಕಳ ಮುಂದೆ ಕೈಯೊಡ್ಡದೆ ಬಾಳುವ ದಂಪತಿಗಳು ಈ ಐದು ಊರುಗಳಲ್ಲಿಯೂ ಇದ್ದಾರೆ. ಅವರ ಸಾಲ ಚಿಕ್ಕದಾಗಿತ್ತು; ಕಾಗದ ಚೊಕ್ಕಟವಾಗಿತ್ತು; ಅವರ ಬಾಡಿಗೆದಾರರು ಬೇರೆ ಬೇರೆ ಕಡೆ ಅನ್ನ ಸಂಪಾದಿಸುವವರಾಗಿದ್ದರು. ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ, ಬಸ್ ನಿಲ್ದಾಣಗಳ ನಡುವಿನ ಹಳೆಯ ಓಣಿಯ ಮನೆ ಹೊಸ ಬಡಾವಣೆಯ ಮನೆಯಷ್ಟು ಚೆಂದವಾಗಿರದು. ಆದರೆ ಸಿಮೆಂಟಿನ ಬೆಲೆ ಇಳಿದ ವರ್ಷವೂ ಮೇಷ್ಟರಿಗೆ ಸಂಬಳ ಬರುತ್ತದೆ, ನರ್ಸಿಗೆ ಸಂಬಳ ಬರುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲು, ದಲ್ಲಾಳಿಯನ್ನು ಬಿಟ್ಟು, ಗಂಡಹೆಂಡಿರಿಬ್ಬರೇ ಆ ಓಣಿಗೆ ಒಮ್ಮೆ ರಾತ್ರಿ ಎಂಟು ಗಂಟೆಗೆ ಹೋಗಿಬನ್ನಿ. ಎಷ್ಟು ಮನೆಗಳಲ್ಲಿ ದೀಪ ಹತ್ತಿದೆ ಎಂದು ಎಣಿಸಿರಿ. ದೀಪವಿದ್ದ ಮನೆಯವರು ಎಲ್ಲಿ ದುಡಿಯುತ್ತಾರೆಂದು ಮೂಲೆಯ ಕಿರಾಣಿ ಅಂಗಡಿಯವನನ್ನು ಕೇಳಿರಿ. ಯಾರು ಉದ್ದರಿ ತೀರಿಸುತ್ತಾರೆ, ಯಾರು ಊರು ಬಿಡುತ್ತಿದ್ದಾರೆ ಎಂಬುದನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ. ಒಂದು ಪಾವು ಸಕ್ಕರೆ ಕೊಂಡರೆ ಅಷ್ಟನ್ನೂ ಹೇಳುತ್ತಾನೆ.